ಮೆರ್ಲಿನ್ ಸ್ಕೋಗನ್ನನ ಸೇಬಿನ ರಾಶಿ

ವಿಸ್ಕಾನ್ಸಿನ್ನಿನ ಉತ್ತರಕ್ಕಿರುವ ಟಾಮರಾಕ್ ಎಂಬ ಊರಿನಲ್ಲಿ ನವೆಂಬರ್ ತಿಂಗಳ ಕೊನೆಯ ಒಂಬತ್ತು ದಿನ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ, ಯಾರೂ ಹಲ್ಲು ಕೀಳಿಸಿಕೊಳ್ಳುವುದಿಲ್ಲ, ಸಾಯುವವರು ಕೂಡ ಕೈಲಾದಷ್ಟು ತಡೆದುಕೊಳ್ಳುತ್ತಾರೆ. ಅದು ಬಂದೂಕಿನ ಜಿಂಕೆ ಬೇಟೆಯ ಹಂಗಾಮು. ಹಂಗಾಮು ಶುರುವಾಗುವ ಶನಿವಾರ ಇಡೀ ಊರು ಕಿತ್ತಳೆ ಬಣ್ಣದ ಕೋಟು ತೊಟ್ಟು ಬೆಳಕು ಹರಿಯುವ ಮೊದಲೇ ಕಾಡು ಸೇರುತ್ತದೆ. ಸೇರುವ ಮುಂಚೆ ಗುಂಪುಗುಂಪಾಗಿ ಯಾರದಾದರೂ ಮನೆಯಲ್ಲಿ ಉಳಿದುಕೊಂಡು, ತಿಂದು, ಕುಡಿದು, ಇಸ್ಪೀಟಾಡಿ, ಹೋದ ವರ್ಷದ ಸುಳ್ಳುಗಳ ದೂಳು ಕೊಡವಿ ಮತ್ತೊಮ್ಮೆ ಹೇಳಿಕೊಳ್ಳುತ್ತದೆ. ಇದಕ್ಕೆ ಬಿಡಾರವೆಂದು ಹೆಸರು. ಬಿಡಾರವಿಲ್ಲದ ಮನುಷ್ಯನನ್ನು ಟಾಮರಾಕ್ ಬಯ್ಯುವುದಿಲ್ಲ, ಆಡಿಕೊಳ್ಳುವುದೂ ಇಲ್ಲ. ಅಂಥವನೊಬ್ಬ ಇದ್ದಾನೆಂಬುದನ್ನೇ ಆ ಒಂಬತ್ತು ದಿನ ಮರೆತುಬಿಡುತ್ತದೆ.

ನಮ್ಮ ಮೆರ್ಲಿನ್ ಸ್ಕೋಗನ್ ಹೀಗೆ ಮರೆತುಹೋದವನಾಗಿ ಎರಡು ವರ್ಷವಾಗಿತ್ತು.

ಅದಕ್ಕೆ ಮುಂಚೆ ಇಪ್ಪತ್ತಾರು ವರ್ಷ ಬಿಡಾರ ನಡೆದದ್ದು ಅವನ ಮನೆಯಲ್ಲೇ. ಅವನ ಮನೆ ಎನ್ನುವುದಕ್ಕಿಂತ ಅವನ ಅಣ್ಣ ಹಾರ್ಲನ್ನನ ಮನೆ ಎಂದರೆ ಸರಿ. ಅಣ್ಣತಮ್ಮ ಇಬ್ಬರೂ ಮದುವೆಯ ಗೊಡವೆಗೆ ಹೋಗದೆ, ನಲವತ್ತು ಎಕರೆ ಜಮೀನು, ಆರು ಸೇಬಿನ ಮರ, ಒಂದು ಹಳೆಯ ಒಲೆ ಇಟ್ಟುಕೊಂಡು ಒಟ್ಟಿಗಿದ್ದವರು. ಹಾರ್ಲನ್ ಹೆಸರಾಂತ ಬೇಟೆಗಾರ. ಮೆರ್ಲಿನ್ ಜೀವಮಾನದಲ್ಲಿ ಒಂದೇ ಸಲ ಬಂದೂಕು ಹಿಡಿದು, ತಮ್ಮದೇ ಹಾಲಿನ ಕ್ಯಾನಿಗೆ ತೂತು ಮಾಡಿ, ಅಂದಿನಿಂದ ಅಡುಗೆಗೆ ನಿಂತವನು. ಎಂಟು ಜನ ಬೇಟೆಗಾರರು ಹೊಟ್ಟೆ ಬಿರಿಯುವಷ್ಟು ತಿಂದು, 'ಮೆರ್ಲಿನ್, ನಿನ್ನ ಬೀನ್ಸಿನ ಚಿಲಿ ತಿಂದ ಮೇಲೆ ಬೇಟೆಗೆ ಮರ ಹತ್ತೋಕೇ ಆಗಲ್ಲ ಕಣೋ' ಎಂದು ಗೊಣಗಿಕೊಂಡು ಹೋಗುತ್ತಿದ್ದರಲ್ಲ, ಅವನಿಗೆ ಅದೇ ಪದಕ.

ಹಾರ್ಲನ್ ಒಂದು ಏಪ್ರಿಲ್‌ನಲ್ಲಿ ಟ್ರಾಕ್ಟರಿನ ಪಕ್ಕದಲ್ಲಿ ಕುಸಿದು ತೀರಿಕೊಂಡ. ಆ ನವೆಂಬರಿನಲ್ಲಿ ಬಿಡಾರ ಸದ್ದಿಲ್ಲದೆ ರೋಲಿ ಜಾಸ್ಟ್ರೋ ಕಟ್ಟಿಸಿದ್ದ ಹೊಸ ತಗಡಿನ ಶೆಡ್ಡಿಗೆ ಹೋಯಿತು. ಇದರಲ್ಲಿ ಯಾರ ತಪ್ಪೂ ಇಲ್ಲ. 'ಪಾಪ, ದುಃಖದಲ್ಲಿದ್ದಾನೆ, ಯಾಕೆ ತೊಂದರೆ ಕೊಡೋದು' ಎಂದು ಅವರು ಅಂದುಕೊಂಡರು. 'ಕರೆಯದೆ ಹೋಗೋದು ಹೇಗೆ' ಎಂದು ಇವನು ಅಂದುಕೊಂಡ. ಎರಡೂ ಕಡೆಯ ಮರ್ಯಾದೆ ಸೇರಿ ಒಬ್ಬ ಮನುಷ್ಯನನ್ನು ಒಂಟಿ ಮಾಡಿತು. ಅಭ್ಯಾಸಬಲದಿಂದ ಆ ವರ್ಷವೂ ಎಂಟು ಜನಕ್ಕೆ ಅಡುಗೆ ಮಾಡಿದ ಮೆರ್ಲಿನ್ ಅದನ್ನು ಫೆಬ್ರವರಿಯವರೆಗೆ ತಿಂದ.

ಅವನಿಗೆ ಊರಿನ ಕಸ ಸಂಗ್ರಹದ ಕಟ್ಟೆಯಲ್ಲಿ ಕೆಲಸ. ಬುಧವಾರ ಮತ್ತು ಶನಿವಾರ ಟಾಮರಾಕಿನ ಪ್ರತಿಯೊಬ್ಬನೂ ಚೀಲ ಹಿಡಿದು ಅವನ ಮುಂದೆ ಹಾಜರಾಗಲೇಬೇಕು. ಹಾಗೆ ನೋಡಿದರೆ ಊರಿನಲ್ಲಿ ಅವನಷ್ಟು ಜನರನ್ನು ಕಾಣುವವನು ಪಾದ್ರಿಯೂ ಅಲ್ಲ. ಆದರೆ ಬಂದವರೆಲ್ಲ ಇಂಜಿನ್ ಆರಿಸದೆ, ಗಾಜು ಅರ್ಧ ಇಳಿಸಿ, 'ಹೇಗಿದ್ದೀಯೋ ಮೆರ್ಲಿನ್?' ಎನ್ನುತ್ತಿದ್ದರು. ಅವನು ಉತ್ತರ ಜೋಡಿಸುವ ಹೊತ್ತಿಗೆ ಗೇಟು ದಾಟಿರುತ್ತಿದ್ದರು.

ಇಂಥ ಮನುಷ್ಯ ಅಕ್ಟೋಬರಿನ ಕೊನೆಯ ಶುಕ್ರವಾರ ಮಾರ್ಜಿಯ ಬಾರಿನಲ್ಲಿ ಹುರಿದ ಮೀನು ತಿನ್ನುತ್ತ, ಗೋಡೆ ಬದಿಯ ಕೊನೆಯ ಸ್ಟೂಲಿನಲ್ಲಿ ಕೂತಿದ್ದ. ನಡುವೆ ರೋಲಿ ಜಾಸ್ಟ್ರೋ ತನ್ನ ಪಟಾಲಮ್ಮಿನೊಂದಿಗೆ ಸರ್ಕಾರವನ್ನು ಬಯ್ಯುತ್ತಿದ್ದ. ರೋಲಿಗೆ ದನದ ಮೇವಿನ ಅಂಗಡಿ. ಹಿಂದೆಲ್ಲ ಶರತ್ಕಾಲ ಬಂದರೆ ಬೇಟೆಗಾರರು ಅವನಲ್ಲಿ ಮೂಟೆಗಟ್ಟಲೆ ಜೋಳ, ಬೀಟ್‌ರೂಟ್ ಒಯ್ದು ತಮ್ಮ ತಮ್ಮ ಜಮೀನಿನಲ್ಲಿ ಸುರಿದು, ತಿನ್ನಲು ಬಂದ ಜಿಂಕೆಗೆ ಗುರಿಯಿಡುತ್ತಿದ್ದರು. ಹೋದ ವರ್ಷ ಪಕ್ಕದ ಕೌಂಟಿಯಲ್ಲಿ ಮೆದುಳು ಕರಗುವ ರೋಗದ ಜಿಂಕೆ ಸಿಕ್ಕಿದ್ದೇ ಸಿಕ್ಕಿದ್ದು, ಸ್ವಂತ ಜಮೀನಾದರೂ ಜಿಂಕೆಗೆ ಆಮಿಷ ಹಾಕುವ ಹಾಗಿಲ್ಲ ಎಂದು ನಿಷೇಧ ಬಂತು.

"ಈ ವರ್ಷ ನಮ್ ಕಡೆ ಒಂದು ಬಾಲಾನೂ ಕಾಣ್ತಿಲ್ಲ ಕಣ್ರೋ," ಎಂದ ರೋಲಿ. "ಎಲ್ಲಾ ಎಲ್ಲಿಗ್ ಹೋದ್ವೋ ಏನೋ."

"ನಮ್ ತೋಟದಲ್ಲಿ ಒಂದಿದೆ," ಎಂದು ಗೋಡೆ ಬದಿಯಿಂದ ಒಂದು ದನಿ ಬಂತು. ಯಾರದೆಂದು ನೋಡಿದರೆ ಮೆರ್ಲಿನ್. ಅವನಿಗೇ ಆಶ್ಚರ್ಯವಾಯಿತು.

ಒಂಬತ್ತು ತಲೆಗಳು ಅವನ ಕಡೆ ತಿರುಗಿದವು. ಎರಡು ವರ್ಷದಲ್ಲಿ ಒಂಬತ್ತು ತಲೆ ಒಟ್ಟಿಗೆ ಅವನ ಕಡೆ ತಿರುಗಿರಲಿಲ್ಲ.

"ಗಂಡಾ? ಕೊಂಬು ಎಷ್ಟು ಕವಲು?"

ಮೆರ್ಲಿನ್ ನಿಜವಾಗಿ ಕಂಡದ್ದು ಒಂದು ಬಾಲ. ಮುಸ್ಸಂಜೆಯಲ್ಲಿ ಸೇಬಿನ ಮರದ ಹಿಂದೆ ಬೆಳ್ಳಗೆ ಆಡಿ ಮಾಯವಾದದ್ದು. ಬಾಲದಲ್ಲಿ ಕವಲು ಎಣಿಸಲು ಬರುವುದಿಲ್ಲ. ಮರ್ಯಾದೆಯಾಗಿ ಆರು ಎನ್ನೋಣ ಎಂದು ಬಾಯಿ ತೆರೆದ. ಬಂದ ಮಾತು, "ಹದಿನಾಲ್ಕು."

ರೋಲಿ ತನ್ನ ಸ್ಟೂಲನ್ನು ಎತ್ತಿ ತಂದು ಮೆರ್ಲಿನ್ನನ ಪಕ್ಕ ಹಾಕಿದ. "ಮಾರ್ಜಿ, ಇವನಿಗೆ ಒಂದ್ ಬ್ರಾಂದಿ ಕೊಡಮ್ಮ. ಲೋ ಮೆರ್ಲಿನ್, ಹದಿನಾಲ್ಕು ಅಂದ್ರೆ ಹುಡುಗಾಟಾನಾ? ಹಾರ್ಲನ್ ಕೂಡ ಹೊಡ್ದಿಲ್ಲ ಅಂಥದ್ದು. ಏನ್ರೋ, ಈ ಸಲ ಬಿಡಾರ ಇವ್ನ ಮನೇಲೇ ಮಾಡೋಣ್ವಾ? ಹಳೇ ಕಾಲದ ಹಾಗೆ?"

"ಮಾಡೋಣ, ಮಾಡೋಣ!" ಎಂದಿತು ಪಟಾಲಮ್ಮು.

"ಆದ್ರೆ ನೋಡು, ಹಂಗಾಮಿನ ತನಕ ಅದು ಅಲ್ಲೇ ನಿಂತಿರ್ಬೇಕು. ಅದನ್ನ ಹಿಡಿದಿಟ್ಕೊಳ್ಳೋದು ನಿನ್ ಜವಾಬ್ದಾರಿ."

"ಇಟ್ಕೋತೀನಿ," ಎಂದ ಮೆರ್ಲಿನ್. ಆ ಕ್ಷಣದಲ್ಲಿ ಅವನನ್ನು ಕೇಳಿದ್ದರೆ ಆನೆಯನ್ನೂ ಇಟ್ಟುಕೊಳ್ಳುತ್ತೇನೆ ಎನ್ನುತ್ತಿದ್ದ. ಬಿಡಾರ ಮನೆಗೆ ಬರುತ್ತದೆಂದರೆ ಅವನಿಗೆ ಅಷ್ಟು ಸಂತೋಷವಾಗಿತ್ತು.

ಮೆರ್ಲಿನ್ನನ ಸ್ವಭಾವದಲ್ಲಿ ಒಂದು ವಿಚಿತ್ರ ಪ್ರಾಮಾಣಿಕತೆ ಉಂಟು. ಸುಳ್ಳು ಹೇಳಿಬಿಟ್ಟರೆ ಅದನ್ನು ನಿಜ ಮಾಡುವವರೆಗೆ ಅವನಿಗೆ ಸಮಾಧಾನವಿಲ್ಲ. ಭಾನುವಾರ ಬೆಳಿಗ್ಗೆ ತೋಟಕ್ಕೆ ಹೋಗಿ ನೋಡಿದ. ಆರು ಮರದ ಸೇಬು ಉದುರಿ ಹುಲ್ಲಿನ ತುಂಬ ಎಲ್ಲೆಂದರಲ್ಲಿ ಬಿದ್ದಿವೆ. ಇಪ್ಪತ್ತಾರು ವರ್ಷ ಅತಿಥಿಗಳಿಗೆ ಬಡಿಸಿದ ಕೈ ಅದು. ಊಟವನ್ನು ನೆಲದ ತುಂಬ ಚೆಲ್ಲಿ ಯಾರಾದರೂ ಬನ್ನಿ ಎನ್ನುತ್ತಾರೆಯೇ? ಎಲೆ ಬಾಚುವ ಉದ್ದ ಕೋಲು ತಂದು, ಮಧ್ಯಾಹ್ನದವರೆಗೆ ಬಾಚಿ, ಸೊಂಟದೆತ್ತರದ ಅಚ್ಚುಕಟ್ಟಾದ ಒಂದು ರಾಶಿ ಮಾಡಿದ. ಕೊಳೆತದ್ದನ್ನು ಅಡಿಗೆ ಹಾಕಿ, ಕೆಂಪಗಿದ್ದದ್ದನ್ನು ಮೇಲಿಟ್ಟ. ಎಲ್ಲಕ್ಕಿಂತ ಮೇಲಿನದನ್ನು ಅಂಗಿಯ ತೋಳಿಗೆ ಉಜ್ಜಿ ಹೊಳಪು ಬರಿಸಿದ.

ರಸ್ತೆಯ ಆಚೆ ಬದಿಯ ಮನೆಯಲ್ಲಿ ಬೆವರ್ಲಿ ಕ್ವಾಮ್ ದುರ್ಬೀನು ಕೆಳಗಿಟ್ಟರು.

ಮಿಸೆಸ್ ಕ್ವಾಮ್ ಎಪ್ಪತ್ತೊಂಬತ್ತು ವರ್ಷದ ನಿವೃತ್ತ ಮೇಷ್ಟರಮ್ಮ. ನಾಲ್ಕನೆಯ ಇಯತ್ತೆಯಲ್ಲಿ ಮೆರ್ಲಿನ್ನನಿಗೆ ಭಾಗಾಕಾರ ಕಲಿಸಲು ಹೋಗಿ ಸೋತವರು. ಈಗಲೂ ಬಿಲ್ಲುಬಾಣ ಹಿಡಿದು ಮರದಡಿ ಮೂರು ಗಂಟೆ ಅಲುಗದೆ ಕೂರುತ್ತಿದ್ದರು. ಆಮಿಷ ಹಾಕಿ ಹೊಡೆಯುವವರೆಂದರೆ ಅವರಿಗೆ ಕಾಪಿ ಹೊಡೆಯುವ ಹುಡುಗರಿದ್ದ ಹಾಗೆ. ರಾಶಿಯ ಮುಂದೆ ಬಂದು ನಿಂತು, "ಮೆರ್ಲಿನ್, ಇಲ್ಲಿ ಬಾ," ಎಂದರು.

ಬಂದ. ಕೈ ತಾನಾಗಿ ಬೆನ್ನ ಹಿಂದೆ ಹೋಯಿತು.

"ಇದನ್ನ ಯಾರು ಮಾಡಿದ್ದು?"

"ನಾನೇ ಮಿಸೆಸ್ ಕ್ವಾಮ್."

"ಯಾಕೆ ಮಾಡಿದೆ?"

"ನೋಡೋಕೆ ಚೆನ್ನಾಗಿರ್ಲಿ ಅಂತ."

"ಸರಿಯಾಗಿ ಕೇಳಿಸ್ಕೋ. ಸೇಬು ಮರದಿಂದ ತಾನಾಗಿ ಬಿದ್ದು, ಬಿದ್ದ ಜಾಗದಲ್ಲೇ ಇದ್ರೆ ಅದು ಸೇಬು. ಮನುಷ್ಯ ಕೈ ಹಾಕಿ ಒಂದಡಿ ಆಚೆ ಇಟ್ರೆ ಅದು ಆಮಿಷ."

"ಅದೇ ಸೇಬಾ?"

"ಅದೇ ಸೇಬು."

ಮೆರ್ಲಿನ್ ರಾಶಿಯನ್ನು ನೋಡಿದ. ಒಂದಾದರೂ ಸೇಬು ತನ್ನ ಮನಸ್ಸು ಬದಲಾಯಿಸಿಕೊಂಡಂತೆ ಕಾಣಲಿಲ್ಲ. "ಆದ್ರೆ ಮಿಸೆಸ್ ಕ್ವಾಮ್, ಮರ ನಂದು, ಜಮೀನು ನಂದು..."

"ಜಿಂಕೆ ನಿಂದಲ್ಲ. ಇಪ್ಪತ್ತು ಜಿಂಕೆ ಒಂದೇ ರಾಶಿಗೆ ಮೂತಿ ಇಟ್ರೆ ಒಂದರ ರೋಗ ಇಪ್ಪತ್ತಕ್ಕೂ ಅಂಟುತ್ತೆ. ಅದು ಬೇಡ, ಊಟಕ್ಕೆ ಕೂತವರ ಮೇಲೆ ಗುಂಡು ಹಾರಿಸೋದಕ್ಕೆ ಬೇಟೆ ಅಂತಾರೇನೋ?"

"ಕಾಫಿ ಕುಡೀತೀರಾ ಮಿಸೆಸ್ ಕ್ವಾಮ್?" ಎಂದ ಮೆರ್ಲಿನ್.

ಅವರು ಒಳಗೆ ಬಂದು ಎರಡು ಹೋಳು ಕೇಕು ತಿಂದು, ಒಂದೂವರೆ ಗಂಟೆ ಬಯ್ದರು. ಹಾರ್ಲನ್ ಸತ್ತ ಮೇಲೆ ಆ ಅಡುಗೆಮನೆಯ ಮೇಜಿನ ಇನ್ನೊಂದು ಬದಿಯಲ್ಲಿ ಒಬ್ಬ ಮನುಷ್ಯ ಕೂತದ್ದು ಅದೇ ಮೊದಲು. ಬಯ್ಗುಳ ಒಳ್ಳೆಯ ಮಾತಿಗಿಂತ ಬಹಳ ಹೊತ್ತು ನಡೆಯುತ್ತದೆ ಎಂಬುದನ್ನು ಮೆರ್ಲಿನ್ ಗಮನಿಸಿದ.

ಆದರೂ ತಪ್ಪು ತಪ್ಪೇ. ಅವರು ಹೋದ ಮೇಲೆ ಒಂಟಿಗಾಲಿ ಬಂಡಿ ತಂದು, ಸೇಬುಗಳನ್ನು ಮತ್ತೆ ಬಿದ್ದ ಜಾಗಕ್ಕೇ ಇಡಲು ತೊಡಗಿದ. ಯಾವುದು ಎಲ್ಲಿ ಬಿದ್ದಿತ್ತೆಂದು ನೆನಪಿಲ್ಲದ್ದರಿಂದ ಗಾತ್ರ, ಬಣ್ಣ ನೋಡಿ ಅಂದಾಜಿನಲ್ಲಿ ಹಂಚಿದ. ಮೂರನೆಯ ಮರದ ಕೆಳಗೆ ಮಂಡಿಯೂರಿ ಒಂದೊಂದೇ ಸೇಬನ್ನು ಹುಲ್ಲಿನಲ್ಲಿ ಜೋಡಿಸುತ್ತಿದ್ದಾಗ ಹಿಂದಿನಿಂದ ಚಪ್ಪಾಳೆ ಕೇಳಿಸಿತು.

"ಭಲೇ ಮೆರ್ಲಿನ್!" ರೋಲಿ ಜಾಸ್ಟ್ರೋ ಬೇಲಿಗೆ ಒರಗಿ ನಿಂತಿದ್ದ. "ರಾಶಿ ಹಾಕಿದ್ರೆ ಸಿಕ್ಕಿಹಾಕ್ಕೋತೀನಿ ಅಂತ ಉದುರಿದ ಹಾಗೇ ಹರಡ್ತಿದ್ದೀಯಲ್ಲೋ! ನಮ್ಗೆ ಯಾರ್ಗೂ ಹೊಳೀಲಿಲ್ಲ ನೋಡು ಇದು."

"ಇಲ್ಲ ರೋಲಿ, ಮಿಸೆಸ್ ಕ್ವಾಮ್ ಬಂದು..."

"ಆ ಮುದುಕಿ ಬಂದಿತ್ತಾ? ಬೆದರಿಸ್ತಾ?" ರೋಲಿಯ ಮುಖ ಕೆಂಪಾಯಿತು. "ಮೆರ್ಲಿನ್, ಇದು ಬರೀ ಜಿಂಕೆ ವಿಷಯ ಅಲ್ಲ. ನಾಳೆ ನಿನ್ ಮನೆ ಫ್ರಿಜ್ಜಲ್ಲಿರೋ ಸೇಬನ್ನ ಮೇಲಿನ ಗೂಡಿಂದ ಕೆಳಗಿನ ಗೂಡಿಗೆ ಇಡೋಕೂ ಸರ್ಕಾರದ ಅಪ್ಪಣೆ ಕೇಳ್ಬೇಕಾಗುತ್ತೆ. ಹದಿನೆಂಟನೇ ತಾರೀಕು ಊರ ಸಭೆ ಇದೆ. ನೀನೇ ನಮ್ ಸಾಕ್ಷಿ. ಮತ್ತೆ ರಾಶಿ ಹಾಕು."

"ಮತ್ತೆ?"

"ಇನ್ನೂ ಎತ್ತರಕ್ಕೆ."

ರೋಲಿಯೂ ಒಳಗೆ ಬಂದ. ಎರಡು ಗಂಟೆ ಕೂತ. ಮೆರ್ಲಿನ್ ಆ ಸಂಜೆ ಮತ್ತೆ ರಾಶಿ ಹಾಕಿದ. ಒಂದೇ ದಿನದಲ್ಲಿ ಮೂರು ಸಲ ಜಾಗ ಬದಲಾಯಿಸಿದ ಸೇಬುಗಳು ಅಷ್ಟು ಹೊತ್ತಿಗೆ ಬಹಳ ನೊಂದಿದ್ದವು. ಮೆರ್ಲಿನ್ ಮಾತ್ರ ಸಿಂಕಿನಲ್ಲಿ ಎರಡು ಹೆಚ್ಚಿನ ಕಪ್ಪು ತೊಳೆಯುತ್ತ ಸಿಳ್ಳೆ ಹಾಕುತ್ತಿದ್ದ.

ಮುಂದಿನ ಶನಿವಾರ ಸಂಜೆ ವನ್ಯಜೀವಿ ಇಲಾಖೆಯ ವಾರ್ಡನ್ ಬಂದಳು. ಕಲಿಯಾ ವಾಂಗ್ ಎಂದು ಹೆಸರು, ಮೂವತ್ತರ ಆಸುಪಾಸು, ಸೊಂಟದಲ್ಲಿ ಪಿಸ್ತೂಲು, ಕೈಯಲ್ಲಿ ಅಳತೆಪಟ್ಟಿ. ರಾಶಿಯ ಉದ್ದ, ಅಗಲ, ಎತ್ತರ ಅಳೆದು ಬರೆದುಕೊಂಡಳು. ಅಪರಾಧಿಗಳು ಸಾಮಾನ್ಯವಾಗಿ ಅವಳನ್ನು ಕಂಡರೆ ಕೊಟ್ಟಿಗೆಯ ಹಿಂದಿನಿಂದ ಜಾರಿಕೊಳ್ಳುತ್ತಾರೆ. ಈ ಅಪರಾಧಿ ಅಳತೆಪಟ್ಟಿಯ ಇನ್ನೊಂದು ತುದಿ ಹಿಡಿದುಕೊಂಡ.

"ಸಾರ್, ನಿಮ್ಮಲ್ಲಿ ಬೇಟೆ ಆಡೋರು ಯಾರು?"

"ಯಾರೂ ಇಲ್ಲಮ್ಮ. ನಮ್ಮಣ್ಣ ಆಡ್ತಿದ್ದ. ಹೋಗ್ಬಿಟ್ಟ."

"ಹಾಗಾದ್ರೆ ಆಮಿಷ ಯಾರಿಗೆ?"

"ಕೇಕ್ ತಗೊಳ್ಳಿ, ಈಗ್ತಾನೆ ಇಳಿಸಿದ್ದು."

"ತನಿಖೆ ಇರೋ ಮನೇಲಿ ನಾವೇನೂ ತಿನ್ನೋ ಹಾಗಿಲ್ಲ ಸಾರ್," ಎಂದಳು ಅವಳು. ಮೆರ್ಲಿನ್ನನ ಮುಖ ಇಳಿದದ್ದನ್ನು ಕಂಡು ದನಿ ತಗ್ಗಿಸಿದಳು. "ನೋಡಿ, ನಿಮಗೆ ದಂಡಗಿಂಡ ಹಾಕಲ್ಲ. ಇದನ್ನೆಲ್ಲ ತೆಗೆದು ಕಸಕ್ಕೆ ಹಾಕ್ಬಿಡಿ. ತೆಗೆದ ದಿನದಿಂದ ಹತ್ತು ದಿನ ಈ ಜಮೀನಲ್ಲಿ ಯಾರೂ ಬೇಟೆ ಆಡೋ ಹಾಗಿಲ್ಲ. ಇವತ್ತು ಎಂಟು. ಹಂಗಾಮು ಇಪ್ಪತ್ತೆರಡಕ್ಕೆ. ಇವತ್ತೇ ತೆಗೆದ್ರೆ ತೊಂದ್ರೆನೇ ಇಲ್ಲ."

"ತೆಗೆದ್ನೋ ಇಲ್ವೋ ಅಂತ ನೋಡೋಕೆ ಮತ್ತೆ ಬರ್ತೀರಾ?"

"ತೆಗೀದೇ ಇದ್ರೆ ಬರ್ಲೇಬೇಕಾಗುತ್ತೆ."

"ತೆಗೆದ್ರೆ?"

"ತೆಗೆದ್ಮೇಲೆ ಯಾಕೆ ಬರ್ಲಿ ಸಾರ್?"

ಅವಳು ಹೋದ ಮೇಲೆ ಮೆರ್ಲಿನ್ ಬೆರಳು ಮಡಿಸಿ ಎಣಿಸಿದ. ಇನ್ನೂ ನಾಲ್ಕು ದಿನ ಅವಕಾಶವಿತ್ತು. ಮನುಷ್ಯನಿಗೆ ಅವಕಾಶವಿದೆಯೆಂದು ಗೊತ್ತಾದರೆ ಅದನ್ನು ಪೂರ್ತಿ ಬಳಸದೆ ಬಿಡುವುದು ಕಷ್ಟ.

ಆ ನಾಲ್ಕು ದಿನವೂ, ಅದರ ಮುಂದಿನ ಐದು ದಿನವೂ ಮೆರ್ಲಿನ್ ಸ್ಕೋಗನ್ನನ ಮನೆ ಸಂತೆಯಾಗಿತ್ತು. ಬೆಳಿಗ್ಗೆ ರೋಲಿಯ ಕಡೆಯವರು ಬಂದು ರಾಶಿಯ ಪಕ್ಕ ಎದೆಯುಬ್ಬಿಸಿ ಫೋಟೊ ತೆಗೆಸಿಕೊಂಡರು. ಮಧ್ಯಾಹ್ನ ಮಿಸೆಸ್ ಕ್ವಾಮ್ ಕಡೆಯವರು ಬಂದು ಅದೇ ರಾಶಿಯ ಪಕ್ಕ ಮುಖ ಸಿಂಡರಿಸಿ ಫೋಟೊ ತೆಗೆಸಿಕೊಂಡರು. ಮೆರ್ಲಿನ್ ಇಬ್ಬರಿಗೂ ಕುರ್ಚಿ ಹಾಕಿದ. ಇಬ್ಬರು ಹೇಳಿದ್ದಕ್ಕೂ ತಲೆಯಾಡಿಸಿದ. ಹಾಲಿಗೆ ಎರಡು ಸಲ ಪೇಟೆಗೆ ಹೋಗಿಬಂದ. ಇಷ್ಟು ಜನ ಓಡಾಡುವ ಕಡೆ ಯಾವ ಜಿಂಕೆ ಬಂದೀತು? ರಾಶಿಗೆ ಬಾಯಿ ಹಾಕಿದ್ದು ಎರಡು ಅಳಿಲು ಮತ್ತು ಮಿಸೆಸ್ ಕ್ವಾಮರ ನಾಯಿ ಮಾತ್ರ. ಆದರೂ ಬಾರಿನಲ್ಲಿ ಆ ಗಂಡು ಜಿಂಕೆಯ ಕೊಂಬು ಬೆಳೆಯುತ್ತಲೇ ಹೋಗಿ ಇಪ್ಪತ್ತೆರಡು ಕವಲಿಗೆ ಮುಟ್ಟಿತ್ತು. ಅದನ್ನು ಕಣ್ಣಾರೆ ಕಂಡವರು ಐದು ಜನ ಸಿಕ್ಕಿದ್ದರು.

ಹನ್ನೆರಡನೇ ತಾರೀಕು ಮೆರ್ಲಿನ್ ಧೈರ್ಯ ಮಾಡಿ, "ರೋಲಿ, ಇವತ್ತು ತೆಗೀದಿದ್ರೆ ಹತ್ತು ದಿನದ ಲೆಕ್ಕ ತಪ್ಪುತ್ತೆ. ಬಿಡಾರ..." ಎಂದ.

"ಲೆಕ್ಕ ಬಿಡೋ! ಸಭೇಲಿ ಆ ಕಾನೂನನ್ನೇ ಕಿತ್ತು ಬಿಸಾಕ್ತೀವಿ. ಸಾಕ್ಷಿ ಮುಟ್ಟಬೇಡ."

ಮಿಸೆಸ್ ಕ್ವಾಮ್ ಕೂಡ, "ಸಭೆ ಮುಗಿಯೋ ತನಕ ಮುಟ್ಟಬೇಡ ಮೆರ್ಲಿನ್. ಎಲ್ಲರೂ ನೋಡ್ಲಿ," ಎಂದರು. ಆ ಇಬ್ಬರೂ ಒಮ್ಮತಕ್ಕೆ ಬಂದದ್ದು ಟಾಮರಾಕಿನ ಚರಿತ್ರೆಯಲ್ಲಿ ಅದೊಂದೇ ಸಲ. ಮೆರ್ಲಿನ್ ಮುಟ್ಟಲಿಲ್ಲ. ನಿಜ ಹೇಳಬೇಕೆಂದರೆ ಮುಟ್ಟಲು ಅವನಿಗೆ ಮನಸ್ಸೂ ಇರಲಿಲ್ಲ. ರಾಶಿ ಹೋದರೆ ಈ ಜನವೆಲ್ಲ ಹೋಗುತ್ತಾರೆಂಬ ಭಯ ಅವನಿಗಿತ್ತು.

ಹದಿನೆಂಟರ ಸಂಜೆ ಊರ ಸಭಾಂಗಣದಲ್ಲಿ ನಿಲ್ಲಲೂ ಜಾಗವಿರಲಿಲ್ಲ. ರೋಲಿ ಎದ್ದು ನಿಂತು ಸ್ವಂತ ಜಮೀನು, ಅಜ್ಜ ಕಡಿದ ಕಾಡು, ಮಂಡಿ ನೋವಿನಿಂದ ಕಾಡು ಸುತ್ತಲಾಗದ ಮುದುಕರ ಹಕ್ಕು ಎಂದು ಅರ್ಧ ಗಂಟೆ ಮಾತಾಡಿ, ಕೊನೆಗೆ ತನ್ನ ಅಂಗಡಿಯಲ್ಲಿ ಕೊಳೆಯುತ್ತಿರುವ ಬೀಟ್‌ರೂಟ್ ನೆನೆದು ಗದ್ಗದಿತನಾದ. ಮಿಸೆಸ್ ಕ್ವಾಮ್ ಎದ್ದು, "ನನ್ ಮಂಡಿಗೆ ಎಪ್ಪತ್ತೊಂಬತ್ತು ವರ್ಷ, ರೋಲಂಡ್. ನಾನು ಸುತ್ತುತ್ತೀನಿ. ನೀನು ಕೂತ್ಕೋ," ಎಂದರು. ರೋಲಿ ಕೂತುಬಿಟ್ಟ. ಅವನಿಗೂ ನಾಲ್ಕನೇ ಇಯತ್ತೆಗೆ ಅವರೇ ಮೇಷ್ಟರು.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ಮೆರ್ಲಿನ್, ರಾಶಿ ಹಾಕಿದವನು ನೀನು. ಕಾನೂನಿನ ಮೇಲೆ ಸಿಟ್ಟಿಗೆ ಹಾಕಿದ್ಯಾ, ಇಲ್ಲಾ ಆ ದೊಡ್ಡ ಗಂಡನ್ನ ಹಿಡಿಯೋಕೆ ಹಾಕಿದ್ಯಾ? ನೀನೇ ಹೇಳ್ಬಿಡಪ್ಪ," ಎಂದರು.

ಮೆರ್ಲಿನ್ ಎದ್ದ. ನೂರಾರು ಮುಖಗಳು ಅವನನ್ನೇ ನೋಡುತ್ತಿದ್ದವು. ಎಲ್ಲವೂ ಬುಧವಾರ, ಶನಿವಾರ ಗಾಡಿಯ ಗಾಜಿನಾಚೆ ಕಂಡ ಮುಖಗಳು. ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು ಅವು ಅವನ ಉತ್ತರಕ್ಕೆ ಕಾದದ್ದು ಇದೇ ಮೊದಲು. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ, ತನಗೆ ಗೊತ್ತಿದ್ದ ಒಂದೇ ನಿಜವನ್ನು ಹೇಳಿದ.

"ಜಿಂಕೆಗಲ್ಲ. ನೀವೆಲ್ಲ ಬರ್ಲಿ ಅಂತ ಹಾಕಿದ್ದೆ."

ಸಭಾಂಗಣ ಬಿದ್ದುಹೋಗುವ ಹಾಗೆ ನಗು. ರೋಲಿ ಮೇಜು ಕುಟ್ಟಿ ನಕ್ಕ. "ಬಂದ್ವಲ್ಲೋ! ಎಲ್ರೂ ಬಂದು ಬಿದ್ವಿ! ಊರಿಗ್ ಊರನ್ನೇ ಬಲೆಗೆ ಹಾಕಿದ್ನಲ್ಲೋ ಇವ್ನು!" ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮಿಸೆಸ್ ಕ್ವಾಮ್ ಅವನನ್ನು ಒಂದು ಗಳಿಗೆ ಹೆಚ್ಚು ದಿಟ್ಟಿಸಿ ನೋಡಿದರು. ಆಮೇಲೆ ಅವರೂ ಬೆರಳಿನಿಂದ ಬೆಂಚು ಕುಟ್ಟಿ, "ಮೆರ್ಲಿನ್, ಸಭೇಲಿ ತಮಾಷೆ ಬೇಡ. ಕೂತ್ಕೋ," ಎಂದರು. ಮೆರ್ಲಿನ್ ಕೂತ. ಎಲ್ಲರೂ ನಗುತ್ತಿದ್ದುದರಿಂದ ಅವನೂ ಸ್ವಲ್ಪ ನಕ್ಕ.

ಕೊನೆಯಲ್ಲಿ ವಾರ್ಡನ್ ಕಲಿಯಾ ವಾಂಗ್ ಎದ್ದು, ರಾಜ್ಯದ ಕಾನೂನನ್ನು ಊರ ಸಭೆ ಕೀಳಲು ಬರುವುದಿಲ್ಲವೆಂದೂ, ನಾಳೆ ತಾನೇ ನಿಂತು ರಾಶಿ ತೆಗೆಸುವುದಾಗಿಯೂ, ಅಲ್ಲಿಂದ ಹತ್ತು ದಿನ ಸ್ಕೋಗನ್ ಜಮೀನಿನಲ್ಲಿ ಬೇಟೆ ನಿಷಿದ್ಧವೆಂದೂ ಹೇಳಿದಳು.

ಯಾರೋ ಬೆರಳು ಎಣಿಸಿದರು. "ನಾಳೆಯಿಂದ ಹಂಗಾಮಿಗೆ ಮೂರ್ ದಿನ. ಹಂಗಾಮು ಒಂಬತ್ ದಿನ. ಅಲ್ಲಿಗೆ ಬರೀ ಕೊನೇ ಎರಡ್ ದಿನ ಸಿಗುತ್ತೆ."

"ಕೊನೇ ದಿನಕ್ಕೆ ಯಾವ ಜಿಂಕೆ ಉಳ್ದಿರುತ್ತೆ?" ಎಂದ ರೋಲಿ. ಬಾಗಿಲಲ್ಲಿ ಮೆರ್ಲಿನ್ನನ ಭುಜ ತಟ್ಟಿದ. "ಛೆ, ನಿಮ್ಮನೇಲಿ ಆಗಲ್ವಲ್ಲೋ ಹಾಗಿದ್ರೆ. ಹೋಗ್ಲಿ ಬಿಡು, ಶೆಡ್ ಹೇಗೂ ಇದೆ. ಎಂಥಾ ಮಾತು ಹೇಳಿದ್ಯೋ ನೀನು, ನೀವೆಲ್ಲ ಬರ್ಲಿ ಅಂತ!" ನಗುತ್ತ ಗಾಡಿ ಹತ್ತಿದ.

ಮರುದಿನ ಬುಧವಾರ. ನಾಲ್ಕು ಬಂಡಿ ಕೊಳೆತ ಸೇಬು ಊರಿನ ಕಸದ ಕಟ್ಟೆಗೆ ಬಂತು. ಅಲ್ಲಿ ಅದನ್ನು ಬರಮಾಡಿಕೊಂಡು ರಸೀತಿಗೆ ಸಹಿ ಹಾಕಿದವನು ಮೆರ್ಲಿನ್ನೇ. ವಾರ್ಡನ್ ಅವನ ಮನೆಯ ಗೇಟಿಗೆ ಹಳದಿ ಬಣ್ಣದ ನಿಷೇಧದ ಹಲಗೆ ಹೊಡೆದು, "ಹೋಗ್ಬರ್ತೀನಿ ಸಾರ್," ಎಂದು ಹೋದಳು.

ಶನಿವಾರ ಬೆಳಕು ಹರಿಯುತ್ತಲೇ ನಾಲ್ಕೂ ಕಡೆಯಿಂದ ಗುಂಡಿನ ಸದ್ದು ಶುರುವಾಯಿತು. ಕಸದ ಕಟ್ಟೆಗೆ ಅಂದು ರಜೆ. ಮೆರ್ಲಿನ್ ಹಿಂದಿನ ದಿನವೇ ಬೀನ್ಸು ನೆನೆಹಾಕಿದ್ದ. ಬೇಡ ಬೇಡ ಎಂದುಕೊಂಡರೂ ಎಂಟು ಜನಕ್ಕೇ ಆಗುವಷ್ಟು. ಒಲೆಯ ಮೇಲೆ ದೊಡ್ಡ ಪಾತ್ರೆ ಇಟ್ಟು, ಈರುಳ್ಳಿ ಹೆಚ್ಚುತ್ತ ಕಿಟಕಿಯಾಚೆ ನೋಡಿದ.

ಬೇಲಿ ಹಾರಿ ಒಂದು ಹೆಣ್ಣು ಜಿಂಕೆ ತೋಟಕ್ಕೆ ಬಂತು. ಅದರ ಹಿಂದೆ ಎರಡು ಮರಿ. ಸ್ವಲ್ಪ ಹೊತ್ತಿಗೆ ಇನ್ನೊಂದು ಹಿಂಡು. ಸುತ್ತ ಇಡೀ ಊರಿನಲ್ಲಿ ಗುಂಡು ಹಾರದ ಜಾಗ ಇದೊಂದೇ ಎಂದು ಅವಕ್ಕೆ ಹೇಗೆ ತಿಳಿಯಿತೋ, ಹಳದಿ ಹಲಗೆ ಓದಿಕೊಂಡೇ ಬಂದವರ ಹಾಗೆ ಬಂದವು. ಮಧ್ಯಾಹ್ನದ ಹೊತ್ತಿಗೆ ಹನ್ನೊಂದಾದವು. ಒಂದಕ್ಕೂ ಕೊಂಬಿರಲಿಲ್ಲ. ಕಾಲ ಕೆಳಗೆ ಸೇಬೂ ಇರಲಿಲ್ಲ. ಸುಮ್ಮನೆ ಮೈಗೆ ಮೈ ತಾಗಿಸಿ ನಿಂತವು. ಬಂದವರಿಗೆ ಏನಾದರೂ ಕೊಡೋಣವೆಂದರೆ ಕಾನೂನು ಅಡ್ಡ. ಒಂದು ರೊಟ್ಟಿಯ ಚೂರು ಹಾಕಿದರೂ ಮತ್ತೆ ಹತ್ತು ದಿನ. ಮೆರ್ಲಿನ್ ಕೈಕಟ್ಟಿಕೊಂಡು ನೋಡುತ್ತ ನಿಂತ.

ಫೋನು ಹೊಡೆದುಕೊಂಡಿತು.

"ಮೆರ್ಲಿನ್, ನಾನು ರೋಲಿ. ಏನ್ ಮಾಡ್ತಿದ್ದೀಯೋ?"

"ಅಡುಗೆ."

"ಯಾರಾದ್ರೂ ಬಂದಿದ್ದಾರಾ?"

ರೋಲಿಯ ದನಿಯ ಹಿಂದೆ ತಟ್ಟೆಗಳ ಸದ್ದು, ಇಸ್ಪೀಟು ಕಲೆಸುವ ಸದ್ದು, ಏಳೆಂಟು ಜನರ ನಗು ಕೇಳುತ್ತಿತ್ತು. ಇಷ್ಟು ಜನ ಕೇಳಿಸಿಕೊಳ್ಳುತ್ತಿರುವಾಗ 'ಯಾರೂ ಇಲ್ಲ' ಎಂದು ಹೇಗೆ ಹೇಳುವುದು? ಮೆರ್ಲಿನ್ ಕಿಟಕಿಯ ಕಡೆ ನೋಡಿದ.

"ಹೂಂ. ಹನ್ನೊಂದ್ ಜನ."

"ಹನ್ನೊಂದಾ! ಯಾರೋ?"

"ಇಲ್ಲೇ ಸುತ್ತಮುತ್ತಲವ್ರು."

"ಒಳ್ಳೇದಾಯ್ತು ಬಿಡು," ಎಂದ ರೋಲಿ. ಅವನಿಗೆ ನಿಜವಾಗಿಯೂ ಸಮಾಧಾನವಾದಂತಿತ್ತು. "ಇವ್ರೆಲ್ಲ ಬೆಳಗ್ಗಿಂದ ನನ್ ಜೀವ ತಿಂತಿದ್ರು. ಮೆರ್ಲಿನ್ ಒಬ್ನೇ ಇರ್ತಾನೆ, ಹೋಗಿ ಕರ್ಕೊಂಡ್ ಬಾ ಅಂತ. ಬೂಟು ಹಾಕ್ಕೊಂಡು ನಿಂತಿದ್ದೆ. ಯಾವುದಕ್ಕೂ ಒಂದ್ ಮಾತು ಕೇಳೋಣ ಅಂತ ಫೋನ್ ಮಾಡ್ದೆ."

ಮೆರ್ಲಿನ್ ಕಿಟಕಿಗೆ ಬೆನ್ನು ತಿರುಗಿಸಿದ. "ಅವ್ರು ಹೊರಡ್ತಾರೆ ರೋಲಿ. ಇನ್ನೇನು ಹೊರಟ್ರು."

"ಮನೆಗ್ ಬಂದೋರನ್ನ ಓಡಿಸ್ತಾರೇನೋ? ನೆಮ್ಮದಿಯಾಗಿ ಊಟ ಹಾಕಿ ಕಳ್ಸು. ನಮ್ದೇನು, ಮುಂದಿನ ವರ್ಷ ನೋಡೋಣ." ಫೋನು ಇಟ್ಟ.

ಮೆರ್ಲಿನ್ ಕೋಟು ಕೂಡ ಹಾಕದೆ, ಕೈಯಲ್ಲಿದ್ದ ಅಡುಗೆಬಟ್ಟೆ ಸಮೇತ ಹೊರಗೆ ಓಡಿದ. ಇವು ಹೋದರೆ ಸಾಕು, ಅತಿಥಿಗಳು ಹೋದರು ಎಂಬುದು ನಿಜವಾಗುತ್ತದೆ. ಪಾತ್ರೆಯನ್ನು ಗಾಡಿಯಲ್ಲಿಟ್ಟುಕೊಂಡು ಹತ್ತು ನಿಮಿಷದಲ್ಲಿ ಶೆಡ್ಡಿನ ಬಾಗಿಲಲ್ಲಿ ನಿಲ್ಲಬಹುದು.

"ಹೊರಡಿ, ಹೊರಡಿ!" ಎಂದು ಬಟ್ಟೆ ಬೀಸಿದ. "ಬಂದ್ರಿ, ಬಹಳ ಸಂತೋಷ. ನಂಗೂ ಒಂದ್ ಕಡೆ ಹೋಗ್ಬೇಕಿದೆ. ಏಳಿ, ಹೊರಡಿ!"

ಹನ್ನೊಂದೂ ಬೆದರಿ ಬೇಲಿಯವರೆಗೆ ಓಡಿದವು. ಅಷ್ಟರಲ್ಲಿ ರೋಲಿಯ ಜಮೀನಿನ ಕಡೆಯಿಂದ ಎರಡು ಗುಂಡು ಹಾರಿದವು. ಹನ್ನೊಂದೂ ತಿರುಗಿ ವಾಪಸು ಬಂದವು. ಮೊದಲಿಗಿಂತ ಹತ್ತಿರಕ್ಕೆ ಬಂದು, ಅವನಿಂದ ಏಳೆಂಟು ಹೆಜ್ಜೆ ದೂರದಲ್ಲಿ ನಿಂತು ಅವನ ಮುಖ ನೋಡಿದವು. ಚಿಕ್ಕ ಮರಿಯ ಪಕ್ಕೆ ಎದ್ದೆದ್ದು ಇಳಿಯುತ್ತಿತ್ತು.

ಎತ್ತಿದ ಬಟ್ಟೆಯನ್ನು ಮೆರ್ಲಿನ್ ಮೆಲ್ಲಗೆ ಇಳಿಸಿದ.

"ಆಯ್ತು," ಎಂದ. "ಎಲ್ಲಿಗ್ ಹೋಗ್ತೀರಿ ನೀವಾದ್ರೂ. ಇರಿ."

ಒಳಗೆ ಎಂಟು ಜನರ ಅಡುಗೆ ಕುದಿಯುತ್ತಿತ್ತು. ಅವನು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತ. ಅತಿಥಿಗಳು ನಿಂತೇ ಇದ್ದರು.